ಹಾಡುವವನಿಲ್ಲದ ಬ್ಯಾಂಡು

"ವಾದ್ಯ ಹದ ಮಾಡೂದು ಸಾಕ್ರಿ ಮಾಸ್ತರ. ಹಾಡು ಯಾವಾಗ ಚಾಲೂ ಮಾಡ್ತೀರಿ?"

"ಮೂರನೇ ಹಾಡು ನಡದೈತ್ರಿ, ಕರಿಬಸಣ್ಣ."

ಕರಿಬಸಪ್ಪನ ತಲೆ ಗಿರ್ರೆಂದಿತು. ಮಗಳ ಮದುವೆ, ಹಿಟ್ನಾಳದ ಗುಡಿಯಿಂದ ಮದುಮಗನ ಮೆರವಣಿಗೆ ಹೊರಡಬೇಕು. ಗಂಗಾವತಿಯ ಮೆಹಬೂಬಸಾಬ ಮಾಸ್ತರನ ಬ್ಯಾಂಡೇ ಆಗಬೇಕೆಂದು ಹಟ ಹಿಡಿದವನು, ಇಂಥದ್ದು ನೀವು ಕೇಳೇ ಇಲ್ಲ ಎಂದು ಕುಷ್ಟಗಿಯ ಬೀಗರ ಮುಂದೆ ಮೀಸೆ ತಿರುವಿದವನು, ಎರಡೂ ಈತನೇ. ಸಿನಿಮಾ ಹಾಡಿಗೆ ಹೆಸರಾದ ಮಾಸ್ತರನಿಗೆ ಈಚೆಗೆ ಬೇರೆ ಹುಚ್ಚು ಹಿಡಿದದ್ದು ಪಾಪ, ಕರಿಬಸಪ್ಪನಿಗೇನು ಗೊತ್ತು? ಗುಡಿಕಟ್ಟೆಯ ಮೇಲೆ ಹೈವೇ ಕಡೆ ಮುಖಮಾಡಿ ಕೂತು, ಇಷ್ಟು ಹೊತ್ತೂ ಹಾಡುವವನ ದಾರಿ ಕಾದಿದ್ದ.

"ಹಾಡಾಂವ ಎಲ್ಲಿ?"

"ಇದಕ್ಕ ಹಾಡಾಂವ ಇರೂದಿಲ್ರಿ. ಜಾಜ್ ಇದು, ಅಮೇರಿಕಾದ ಹಳೇ ಸಂಗೀತ. ವಾದ್ಯನ ಹಾಡ್ತಾವ."

"ವಾದ್ಯಕ್ಕ ಬಾಯಿ ಐತೇನು?"

"ಕುಣ್ಯಾಕ ಬಾಯಿ ಯಾಕ ಬೇಕ್ರಿ?"

ಮಾಸ್ತರ ಸಮಾಧಾನವಾಗಿ ತಿಳಿಸಿ ಹೇಳಿದ. ಹಾಡು ಅಂದರೆ ಒಬ್ಬನಿಗೆ ಹಳೆಯದು ಬೇಕು, ಇನ್ನೊಬ್ಬನಿಗೆ ಹೊಸದು. ಯಲಬುರ್ಗಾದ ಮದುವೆಯೊಂದರಲ್ಲಿ ಅದೇ ಕಾರಣಕ್ಕೆ ಬೀಗರು ಬೀಗರು ಅಂಗಿ ಹರಿದುಕೊಂಡಿದ್ದರಂತೆ. ಮಾತೇ ಇಲ್ಲದ್ದಕ್ಕೆ ಯಾರು ತಕರಾರು ತೆಗೆಯುತ್ತಾರೆ?

ಕರಿಬಸಪ್ಪನ ಕಿವಿಗೆ ಅದು ಹೋಗಲಿಲ್ಲ. ಇವತ್ತು ಬೀಗರು ನಕ್ಕರೆ ಮಗಳು ಆ ಮಾತನ್ನು ಬಾಳಪೂರ್ತಿ ಕೇಳಬೇಕು. ಬೆನ್ನ ಹಿಂದೆ ಎದ್ದ ಗದ್ದಲ ಬೀಗರ ಸಿಟ್ಟಿನದೇ ಎಂದು ಖಾತ್ರಿ ಮಾಡಿಕೊಂಡ. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

"ಹಂಗಾರ ನಾನ ಹಾಡ್ತೀನಿ. ಭಜನಾದಾಗ ನನ್ನ ದನಿ ಎಂಥಾದ್ದಂತ ಊರಿಗೇ ಗೊತ್ತೈತಿ."

"ಊರಿಗೆ ಗೊತ್ತೈತ್ರಿ. ಬೀಗರಿಗೆ ಗೊತ್ತಿಲ್ಲ, ಹಂಗ ಇರ್ಲಿ ಬಿಡ್ರಿ."

ಕರಿಬಸಪ್ಪ ಟ್ರಂಪೆಟ್ಟಿನ ಮುಂದಿದ್ದ ಮೈಕನ್ನು ಕಿತ್ತುಕೊಂಡು ಖ್ಯಾಕರಿಸಿದ. ಹೈವೇತನಕ ಕೇಳಿತು. ಗುಂಪಿನೊಳಗಿಂದ ಮದುಮಗನ ಅಪ್ಪ ದ್ಯಾಮಣ್ಣ ಓಡಿಬಂದ. ಮೈಯೆಲ್ಲ ಬೆವರು, ತಲೆಯ ಪಟಗ ಜಾರಿ ಕೊರಳಿಗೆ ಬಿದ್ದಿತ್ತು.

"ತಪ್ಪಾತ್ರಿ ಬೀಗರ, ಹಾಡಾಂವ..." ಎಂದು ಕರಿಬಸಪ್ಪ ಶುರುಮಾಡಿದ.

"ಬಂದಾನೇನು? ಖ್ಯಾಕರ್ಸಿದ್ದು ಕೇಳೇ ನಾ ಓಡಿ ಬಂದ್ನಿರಿ. ಹೊಟ್ಟಿ ತುಂಬ ಉಣಿಸಿ ಕಳಸ್ರಿ, ಒಟ್ಟ ಬಾಯಿ ತಗೀಬಾರ್ದು ಅಂವಾ. ಮಣಕಾಲು ಬ್ಯಾನಿ ಅಂತ ವರ್ಷಾನಗಟ್ಲೆ ಅಳಾಕಿ ನಮ್ಮವ್ವ, ಅಲ್ಲಿ ಕುಣ್ಯಾಕ ಹತ್ಯಾಳ ನೋಡ್ರಿ."

ಕರಿಬಸಪ್ಪ ಮೈಕನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಖುಷಿಯಾಯಿತೋ ಅವಮಾನವಾಯಿತೋ ಅವನಿಗೇ ತಿಳಿಯಲಿಲ್ಲ. ಮೆಹಬೂಬಸಾಬ ಮೈಕನ್ನು ಮೆಲ್ಲಗೆ ಬಿಡಿಸಿಕೊಂಡು, ಕೊರಳಲ್ಲಿ ತೂಗುತ್ತಿದ್ದ ಸ್ಯಾಕ್ಸೋಫೋನನ್ನು ಎತ್ತಿಕೊಂಡ.

"ಬಾಯಿಗೆ ರಜಾ ಸಿಕ್ತಲ್ಲ ಕರಿಬಸಣ್ಣ, ಇನ್ನ ಕಾಲಿಗೆ ಕೆಲಸ ಕೊಡ್ರಿ."