ಸಾಣಾಪುರದ ಕಪ್ಪೆ ಮದುಮಗ

"ಅರಿಷಿಣ ಹಚ್ಚಿದ ಮದುಮಗನ್ನ ಹೊಸ್ತಿಲಾ ದಾಟಸಂಗಿಲ್ಲ. ಎಷ್ಟ ಸಲ ಹೇಳ್ಲಿ ನಿನಗ?" ಮುದುಕವ್ವ ಬಾಗಿಲಿಗೆ ಅಡ್ಡ ನಿಂತಳು.

"ಮದುಮಗ ಅಲ್ಲಬೇ, ಅದು ನನ್ನ ಕಪ್ಪಿ. ನನ್ನ ಕೇಳದೇ ಡಬ್ಬಿ ತಗದು ತಂದೀರಿ. ನಾಚಿಕಿ..." ಎಂದ ಯಂಕೇಶ ನಾಲಿಗೆ ಕಚ್ಚಿಕೊಂಡ. ಮುದುಕವ್ವನ ಮೊಮ್ಮಗಳು ರಂಜಿತಾಳನ್ನು ಅವನಿಗೆ ಕೊಡುವ ಮಾತಾಗಿತ್ತು. ಬರುವ ಸೋಮವಾರವೇ ನಿಶ್ಚಯ.

ಯಂಕೇಶ ಕಪ್ಪೆಗಳ ರೋಗ ಹುಡುಕುವ ಸುರೇಖಾ ಮೇಡಂ ಕೈಕೆಳಗಿದ್ದ. ಊರೂರ ಕೆರೆಯ ಕಪ್ಪೆ ಹಿಡಿದು, ಮೈಗೆ ಹತ್ತಿಕಡ್ಡಿ ಸವರಿ, ಮತ್ತೆ ನೀರಿಗೆ ಬಿಡುವುದು ಅವನ ಕೆಲಸ. ಬೇರೆ ಊರಿನ ಕೆರೆಯಲ್ಲಿ ಸಿಕ್ಕ ಇದೊಂದು ಮಾತ್ರ ಹೊಟ್ಟೆ ಕೆಂಪಾಗಿ, ಚರ್ಮ ಸುಲಿದು, ಮುಟ್ಟಿದರೂ ಜಿಗಿಯದೆ ಕೂತಿದ್ದರಿಂದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ. "ಖಾತ್ರಿ ಆಗೋತನಕ ಊರಲ್ಲಿ ರೋಗ ಅನ್ನಬೇಡ, ಜನ ಗಾಬರಿಯಾಗ್ತಾರೆ" ಎಂದಿದ್ದ ಮೇಡಂ ಸಂಜೆ ಅದನ್ನು ಒಯ್ಯಲು ಬರುವವರಿದ್ದರು.

ಮಳೆಗಾಗಿ ಕಪ್ಪೆ ಮದುವೆ ಹೂಡಿದ್ದ ಹೆಂಗಸರಿಗೆ ಇಂಥ ವರ ಸಿಕ್ಕಿದ್ದೇ ಪುಣ್ಯ. ಹೋದ ವರ್ಷದವನು ತಾಳಿ ಹೊತ್ತಿಗೆ ಪಾಯಸದ ಪಾತೇಲಿಗೆ ಹಾರಿದ್ದ.

"ಎಷ್ಟ ಸಂಭಾವಿತ ನೋಡಬೇ" ಎಂದಳು ನೆರೆಮನೆಯ ಪಂಪಮ್ಮ. "ನಮ್ಮ ಮನಿಯವರು ಒಂದ ತಾಸು ಹಿಂಗ ಕೂತಿದ್ರ ಹರಕಿ ತೀರಸ್ತಿದ್ದೆ."

ಹೆಂಗಸರು ನಕ್ಕರು. ಅಂತರಪಟದಾಚೆ ತಂಬಿಗೆಯಲ್ಲಿ ಮದುಮಗಳು ಕಾದಿತ್ತು.

"ಮದುವಿ ಆದಮ್ಯಾಲೆ ಏನ್ ಮಾಡ್ತೀರಿ?" ಯಂಕೇಶ ಮೆಲ್ಲಗೆ ಕೇಳಿದ.

"ಇಬ್ರನ್ನೂ ಜೋಡೀಲೆ ಕೆರಿಗೆ ಬಿಡ್ತೀವಿ."

ಹೆಂಗಸರು ಅಂತರಪಟ ಸರಿಸಲು ಕೈ ಎತ್ತಿದ್ದರು. ಯಂಕೇಶ ಮೇಡಂ ಮಾತು ಗಾಳಿಗೆ ಬಿಟ್ಟ.

"ನಿಲ್ಲಸ್ರಿ. ಆ ಗಂಡಿಗೆ ರೋಗ ಐತಿ. ಉಪ್ಪಿನಕಾಯಿಗೆ ಬೂಷ್ಟು ಹಿಡಿತೈತಲ್ಲ, ಹಂಗ ಚರ್ಮಕ್ಕ ಹಿಡದೈತಿ. ಮನಷಾರಿಗೆ ಏನೂ ಆಗಂಗಿಲ್ಲ. ಈ ಹೆಣ್ಣಿಗೆ ಹತ್ತತೈತಿ, ಕೆರಿಗೆ ಬಿಟ್ರ ಅಲ್ಲಿರೂ ಕಪ್ಪಿಗೋಳಿಗೆಲ್ಲ ಹತ್ತತೈತಿ."

ಮುದುಕವ್ವ ತಂಬಿಗೆಯನ್ನು ಸರಕ್ಕನೆ ಮಡಿಲಿಗೆ ಎಳೆದುಕೊಂಡಳು. "ನಮ್ಮ ಹುಡುಗಿ ಅವನ್ನ ಇನ್ನೂ ಮುಟ್ಟಿಲ್ಲ" ಎಂದಳು. ಅರಿಷಿಣದ ಮದುಮಗ ಮತ್ತೆ ಡಬ್ಬಿ ಸೇರಿದ. ಹೆಂಗಸರೆಲ್ಲ ಸಾಲಾಗಿ ಸಾಬೂನು ಹಚ್ಚಿ ಕೈ ತೊಳೆದರು.

ಸಂಜೆ ಡಬ್ಬಿ ಜೀಪಿಗೇರಿತು. "ಒಂದಿಡೀ ಕೆರೆ ಉಳಿಸಿದಿರಿ, ಯಂಕೇಶ್" ಎಂದು ಮೇಡಂ ಕೈ ಕುಲುಕಿದರು. ಕಾರಹುಣ್ಣಿಮೆಯ ಓಟದಲ್ಲಿ ಕರಿ ಹರಿದು ಗೆದ್ದ ಎತ್ತಿನಂತೆ ಯಂಕೇಶ ಓಣಿ ತುಂಬ ಎದೆಯುಬ್ಬಿಸಿ ಮನೆಗೆ ಬಂದ. ಮುದುಕವ್ವ ಒಳಗೆ ಕೂತಿದ್ದಳು. ಅವನ ತಾಯಿ ಮಾರೆವ್ವ ಚಹಾ ಕೊಟ್ಟಿದ್ದಳು.

"ರೋಗ ಐತಂತ ನಿನಗ ಮೊದ್ಲ ಗೊತ್ತಿತ್ತೇನು?" ಮುದುಕವ್ವ ಕೇಳಿದಳು.

"ಎಲ್ಲಾರಕ್ಕಿಂತ ಮೊದ್ಲ ನನಗ ಗೊತ್ತಾತ್ರಿ" ಎಂದ ಹೆಮ್ಮೆಯಿಂದ.

"ಗೊತ್ತಿದ್ದೂ ತಾಳಿ ಹೊತ್ತಿನ ತನಕ ಬಾಯಿ ಬಿಡಲಿಲ್ಲ." ಮುದುಕವ್ವ ಮುಟ್ಟದ ಚಹಾ ಸರಿಸಿ ಎದ್ದಳು. "ಕಪ್ಪಿ ರೋಗಾನ ಇಷ್ಟು ಮುಚ್ಚಿಟ್ಟಾಂವ ತನ್ನ ರೋಗ ಏನೇನ್ ಮುಚ್ಚಿಟ್ಟಾನೊ. ರಂಜಿತಾನ ಮಾತು ಇಲ್ಲಿಗೇ ಬಿಡ್ರಿ."

ಯಂಕೇಶ ಅವಳ ಹಿಂದೆಯೇ ಅಂಗಳಕ್ಕೆ ಓಡಿದ. "ಯವ್ವಾ, ನನಗ ಯಾವ ರೋಗಾನೂ ಇಲ್ಲಬೇ!"

ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

"ಹತ್ತಿಕಡ್ಡಿ ಸವರಿ ನೋಡ್ಯಾರೇನು?" ಎಂದು ತಿರುಗದೆಯೇ ಕೇಳಿದ ಮುದುಕವ್ವ ಓಣಿಯ ತಿರುವಿನಲ್ಲಿ ಮರೆಯಾದಳು. ಆಮೇಲೆ ಆ ಹೊಸ್ತಿಲು ತುಳಿಯಲಿಲ್ಲ.