ಮೂರು ಮನೆಗಳಲ್ಲಿ ಹಾಲು ಉಕ್ಕಿಸಿದ್ದು

ಇಂಗ್ಲಿಷ್ ಬಲ್ಲವರಿಗೆ ಬಾಡಿಗೆ ಮನೆ ಸಿಗುವುದು ಬಹಳ ಸುಲಭ ಎಂದು ನಾನು ಒಂದು ಕಾಲದಲ್ಲಿ ನಂಬಿದ್ದೆ. ತಪ್ಪೆಲ್ಲ ನಾನು ಓದಿದ ಕಂಟೋನ್ಮೆಂಟಿನ ಕಾನ್ವೆಂಟಿನದು. ಅಲ್ಲಿಯ ಸಿಸ್ಟರುಗಳು ನಮಗೆ ಫೋರ್ಕು ಹಿಡಿಯುವುದನ್ನು, ಸದ್ದಾಗದಂತೆ ಸೀನುವುದನ್ನು, ಅಪರಿಚಿತರ ಜೊತೆ ಹವಾಮಾನದ ಬಗ್ಗೆ ಹತ್ತು ನಿಮಿಷ ಮಾತಾಡುವುದನ್ನು ಕಲಿಸಿದ್ದರು. ಬಾಡಿಗೆ ಇಳಿಸುವುದನ್ನು ಕಲಿಸಿರಲಿಲ್ಲ. ಇಷ್ಟೆಲ್ಲ ಬಂದವಳಿಗೆ ಅದೇನು ಮಹಾ ಎಂದುಕೊಂಡಿದ್ದೆ.

ಇದು ತೊಂಬತ್ತರ ದಶಕದ ಶುರುವಿನ ಮಾತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ನಾವು ಹದಿನಾರು ವರ್ಷದಿಂದ ಬಾಡಿಗೆಗಿದ್ದೆವು. ನಮ್ಮವರು ಗುಮಾಸ್ತಿಕೆಯಿಂದ ರಿಟೈರ್ ಆಗಿದ್ದರು. ನಾನು ಪುಟ್ಟದೊಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಪಾಠ, ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದುದರಿಂದ ಊರಿಗೆಲ್ಲ 'ಮಿಸ್ಸು'. ಮನೆಯ ಎಡಕ್ಕೂ ಪವರ್‌ಲೂಮು, ಬಲಕ್ಕೂ ಪವರ್‌ಲೂಮು. ನಮ್ಮ ದಾಂಪತ್ಯ ಜಗಳವಿಲ್ಲದೆ ಸಾಗಿದ್ದೇ ಆ ಸದ್ದಿನಿಂದ. ಒಬ್ಬರು ಅಂದದ್ದು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ.

ಒಂದು ಸಂಜೆ ಮನೆಯ ಮಾಲೀಕರು ಮುನಿರಾಜಪ್ಪ ಬಂದು, ಟವೆಲ್ಲನ್ನು ಹೆಗಲಿನಿಂದ ತೆಗೆದು, ಮಡಿಚಿ, ಮತ್ತೆ ಹೆಗಲಿಗೆ ಹಾಕಿಕೊಂಡರು. ಕೆಟ್ಟ ಸುದ್ದಿ ಎಂದು ಆಗಲೇ ಗೊತ್ತಾಯಿತು.

"ತಪ್ಪು ತಿಳ್ಕೋಬೇಡಿ ಮಿಸ್. ಎರಡನೇ ಮಗನಿಗೆ ಮದ್ವೆ ಆಯ್ತಲ್ಲ, ಅವನಿಗೊಂದು ನಾಕು ಮಗ್ಗ ಹಾಕ್ಕೊಡ್ಬೇಕು. ನಿಮ್ಮ ಹಾಲ್ ಬೇಕಾಗ್ತದೆ. ಆಷಾಢ ಬರೋದ್ರೊಳಗೆ ಎಲ್ಲಾದ್ರೂ ನೋಡ್ಕೊಂಬಿಡಿ."

ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆ ಬದಲಾಯಿಸುವುದಿಲ್ಲ. ಹಾಗಾಗಿ ನಮಗಿದ್ದದ್ದು ಸರಿಯಾಗಿ ಐದು ವಾರ. ಅಷ್ಟರಲ್ಲಿ ಮನೆ ಸಿಗದಿದ್ದರೆ ಪಕ್ಕದ ವಿಜಯಪುರದ ನಾದಿನಿಯ ಮನೆಯೇ ಗತಿ. ಆಕೆಯದು ರೇಷ್ಮೆ ನೂಲು ತೆಗೆಯುವ ಕಸುಬು. ಗೂಡು ಬೇಯುವ ವಾಸನೆಯನ್ನು ನಾನು ಹೇಗೋ ಸಹಿಸಬಲ್ಲೆ. ನಾದಿನಿಯನ್ನು ಸಹಿಸಲು ಬೇರೆ ಏರ್ಪಾಟು ಬೇಕಿತ್ತು.

"ಎಕ್ಸ್‌ಟೆನ್ಷನ್ನಿನಲ್ಲಿ ನೋಡೋಣ ರೀ" ಎಂದೆ.

ನಮ್ಮವರು ಕಾಫಿ ಲೋಟ ಕೆಳಗಿಟ್ಟರು. "ಅಲ್ಲಿ ಬಾಡಿಗೆ ಕೊಟ್ರೆ ಊಟಕ್ಕೆ ಎಲ್ಲಿಗೆ ಹೋಗ್ತೀಯಾ?"

ಎಕ್ಸ್‌ಟೆನ್ಷನ್ ಎಂದರೆ ಊರಾಚೆ ಎದ್ದಿದ್ದ ಹೊಸ ಬಡಾವಣೆ. ಸೀರೆ ವ್ಯಾಪಾರದಲ್ಲಿ ಗೆದ್ದವರು, ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಅಲ್ಲಿರುತ್ತಿದ್ದರು. ಬಾಡಿಗೆ ಬೆಂಗಳೂರಿನದು, ನಲ್ಲಿ ನೀರು ನಮ್ಮೂರಿನದೇ, ನಾಲ್ಕು ದಿನಕ್ಕೊಮ್ಮೆ. ಆದರೂ ಅಲ್ಲಿ ನಿಶ್ಶಬ್ದವಿತ್ತು. ಹದಿನಾರು ವರ್ಷದಲ್ಲಿ ಒಮ್ಮೆಯೂ ನನ್ನ ರೇಡಿಯೋ ನನಗೆ ಪೂರ್ತಿಯಾಗಿ ಕೇಳಿಸಿರಲಿಲ್ಲ.

ಮೊದಲು ಶಕುಂತಲಮ್ಮನವರ ಮನೆ. ವಿಧವೆ, ಕೆಳಗೆ ತಾವಿದ್ದು ಮೇಲಿನ ಪೋರ್ಷನ್ ಬಾಡಿಗೆಗೆ ಕೊಡುವವರು. ನಾನು ಅತ್ಯುತ್ತಮ ಉಚ್ಚಾರಣೆಯಲ್ಲಿ, "ವೀ ಆರ್ ಅ ವೆರಿ ಕ್ವಯಟ್ ಕಪಲ್" ಎಂದೆ.

"ಅದಿರ್ಲಿ. ಈರುಳ್ಳಿ ಹಾಕ್ತೀರಾ?"

ಎರಡನೆಯದು ಸೀರೆ ಅಂಗಡಿಯ ನಂಜುಂಡ ಶೆಟ್ಟರದು. ಬೋರ್‌ವೆಲ್ ಇತ್ತು. ಮೊಮ್ಮಗಳಿಗೆ ಇಂಗ್ಲಿಷ್ ಹೇಳಿಕೊಟ್ಟರೆ ಬಾಡಿಗೆಯಲ್ಲಿ ಸ್ವಲ್ಪ ಬಿಡುತ್ತೇನೆಂದರು. ಎಷ್ಟು ಎಂದು ಕೇಳಿದ್ದಕ್ಕೆ, "ಮಗು ಎಷ್ಟು ಕಲೀತದೆ ನೋಡೋಣ" ಎಂದರು.

ಮೂರನೆಯದು ಕಂಟ್ರಾಕ್ಟರ್ ರಂಗಪ್ಪನವರ ಅಪಾರ್ಟ್‌ಮೆಂಟು. ಊರಿಗೆ ಅದೇ ಮೊದಲನೆಯದು, ಹನ್ನೆರಡು ಮನೆ, ಎಲ್ಲವೂ ಖಾಲಿ. ಲಿಫ್ಟ್ ಬರಬೇಕಾದ ಜಾಗದಲ್ಲಿ ಸಿಮೆಂಟ್ ಚೀಲಗಳನ್ನು ಪೇರಿಸಿದ್ದರು. ಮೂರನೇ ಮಹಡಿಯವರೆಗೆ ನಮ್ಮವರು ಪ್ರತಿ ಮೆಟ್ಟಿಲಿಗೂ ಒಂದೊಂದು ದೇವರನ್ನು ಕರೆಯುತ್ತ ಬಂದರು. ಬಾಗಿಲು ತೆಗೆದರೆ ಎದುರಿಗೆ ಗೋಡೆಯ ತುಂಬ ಒಂದು ಕಿಟಕಿ. ಕಿಟಕಿಯ ತುಂಬ ನಂದಿ ಬೆಟ್ಟ. ನಾನು ಹವಾಮಾನ ಸೇರಿ ಎಲ್ಲ ಮಾತನ್ನೂ ಮರೆತು ಅದರ ಮುಂದೆ ನಿಂತುಬಿಟ್ಟೆ. ಬಾಡಿಗೆಗೆ ಬರುವವಳು ಮನೆಯ ಮಾಲೀಕನೆದುರು ಹಾಗೆ ನಿಲ್ಲಬಾರದು. ರಂಗಪ್ಪ ನೋಡಿಯೇಬಿಟ್ಟರು.

ಮೂವರ ಬಾಡಿಗೆಯೂ ನಮ್ಮ ಕೈಗೆ ಎಟುಕುವುದಕ್ಕಿಂತ ಒಂದು ಗೇಣು ಮೇಲಿತ್ತು. ನಾನು ಕೇಳಿ ಕೇಳಿ ಮೂವರನ್ನೂ ಅರ್ಧ ಗೇಣು ಇಳಿಸಿದೆ. ಅಲ್ಲಿಂದ ಯಾರೂ ಜಗ್ಗಲಿಲ್ಲ. ಮೂವರದೂ ಒಂದೇ ಮಾತು: "ಮೊದ್ಲು ಹಾಲು ಉಕ್ಕಿಸಿ, ಆಮೇಲೆ ನೋಡೋಣ."

ಅಮಾವಾಸ್ಯೆ ಹತ್ತಿರವಾಯಿತು. ಮುನಿರಾಜಪ್ಪನವರೇ ಒಂದು ಉಪಾಯ ಹೇಳಿದರು. "ನಾನು ಮಗ್ಗದ ಪೂಜೆ ಈಗ್ಲೇ ಮಾಡಿ ಮುಗಿಸ್ತೀನಿ, ಕೂರ್ಸೋದು ಆಷಾಢದಲ್ಲಾದ್ರೂ ದೋಷ ಇಲ್ಲ. ನೀವೂ ಅಷ್ಟೆ ಮಿಸ್. ಗುರುವಾರ ಬೆಳಿಗ್ಗೆ ಕೊನೇ ಒಳ್ಳೇ ಟೈಮು. ಹೋಗಿ ಹಾಲು ಉಕ್ಕಿಸ್ಬಿಟ್ಟು ಬನ್ನಿ, ಸಾಮಾನು ಆಮೇಲೆ ನಿಧಾನಕ್ಕೆ ಸಾಗ್ಸಿ."

ಆಗ ನನ್ನ ತಲೆಗೆ ಆ ಐಡಿಯಾ ಬಂತು. ಹಾಲು ಉಕ್ಕಿಸುವುದೆಂದರೆ ಒಂದು ರೀತಿಯ ರಿಸರ್ವೇಷನ್ ತಾನೆ? ಮೂರು ಮನೆಯಲ್ಲೂ ಉಕ್ಕಿಸುವುದು. ಆಷಾಢವಿಡೀ ಚೌಕಾಸಿ ನಡೆಸುವುದು. ಯಾರು ಹೆಚ್ಚು ಇಳಿಯುತ್ತಾರೋ ಅವರದು ಕನ್ಫರ್ಮ್, ಉಳಿದೆರಡು ಕ್ಯಾನ್ಸಲ್. ಪರ್ಫೆಕ್ಟ್ಲಿ ಲಾಜಿಕಲ್.

ನಮ್ಮವರು ಕೈಯಲ್ಲಿದ್ದ ಪೇಪರ್ ಮಡಿಚಿಟ್ಟರು. "ಇದು ಒಂದೇ ಸಲ ಮೂರು ಮದುವೆ ಆದಂಗೆ ಕಣೇ."

"ಎಂಗೇಜ್‌ಮೆಂಟ್ ಅಷ್ಟೇ ರೀ."

ಗುರುವಾರ ಬೆಳಿಗ್ಗೆ ಆರರಿಂದ ಏಳೂವರೆ ಶುಭಕಾಲ. ಒಂದು ಪಂಪ್ ಸ್ಟವ್, ಒಂದು ಪಾತ್ರೆ, ಎರಡು ಲೀಟರ್ ಹಾಲು, ಒಂದು ಲಕ್ಷ್ಮಿ ಫೋಟೋ, ಒಬ್ಬ ಗಂಡ, ಇಷ್ಟನ್ನು ಹೇರಿಕೊಂಡು ಆಟೋ ಹೊರಟಿತು.

ಶಕುಂತಲಮ್ಮನವರಲ್ಲಿ ಸ್ಟವ್ ಹೊತ್ತಿಕೊಳ್ಳಲಿಲ್ಲ. ತೂತಿಗೆ ಕಸ. ಪಿನ್ನು ಮನೆಯಲ್ಲಿ. ಕೊನೆಗೆ ನನ್ನ ಸೀರೆಯ ಸೇಫ್ಟಿ ಪಿನ್ ತೆಗೆದು ಕೆಲಸ ನಡೆಸಿ, ಸೆರಗನ್ನು ದೇವರ ಮೇಲೆ ಭಾರ ಹಾಕಿ ಬಿಟ್ಟೆ. ಹಾಲು ಉಕ್ಕುವ ಹೊತ್ತಿಗೆ ಶಕುಂತಲಮ್ಮ, "ಪೂರ್ವಕ್ಕೇ ಉಕ್ಬೇಕು" ಎಂದರು. ಹಾಲು ದಕ್ಷಿಣಕ್ಕೆ ಹೊರಟಿತ್ತು. ನಮ್ಮವರು ಸ್ಟವ್ವಿನ ಕಾಲಿನ ಕೆಳಗೆ ನ್ಯೂಸ್ ಪೇಪರ್ ಮಡಿಚಿಟ್ಟು ವಾಲಿಸಿದರು. ಹಾಲು ಆಜ್ಞೆಯಂತೆ ಪೂರ್ವಕ್ಕೆ ತಿರುಗಿತು, ಅರ್ಧ ಲೀಟರ್ ನೆಲದ ಪಾಲಾಗಿ.

ಶೆಟ್ಟರ ಮನೆಯಲ್ಲಿ ಅವರ ಹೆಂಡತಿ ಆರತಿ ತಟ್ಟೆ, ತೆಂಗಿನಕಾಯಿ, ರವಿಕೆ ಕಣ ಎಲ್ಲ ಜೋಡಿಸಿಕೊಂಡು ಬಾಗಿಲಲ್ಲೇ ಕಾದಿದ್ದರು. "ಇನ್ಮೇಲೆ ನೀವು ನಮ್ಮನೇವ್ರೇ ಮಿಸ್" ಎಂದು ಕುಂಕುಮವಿಟ್ಟರು. ನನಗೆ ಒಳಗೆಲ್ಲೋ ಚುರುಕ್ ಎಂದಿತು. ರವಿಕೆ ಕಣದ ಬಣ್ಣ ಚೆನ್ನಾಗಿತ್ತು, ಇಟ್ಟುಕೊಂಡೆ.

ಏಳು ಇಪ್ಪತ್ತು. ಆಟೋದವನು ತಿರುಗಿ ನೋಡಿ ಕೇಳಿದ, "ಏನ್ ಮಿಸ್, ಮನೆಮನೆಗೂ ಹಾಲು ಹಾಕೋ ಬಿಸ್ನೆಸ್ಸಾ?" ಅವನ ಕೈಗೆ ಅಲ್ಲೇ ಏನಾದರೂ ಕೊಟ್ಟು ಬಾಯಿ ಮುಚ್ಚಿಸಬೇಕಿತ್ತು. ನಾನು ಕಾನ್ವೆಂಟಿನ ಮುಗುಳ್ನಗೆ ಕೊಟ್ಟೆ.

ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹತ್ತಿದಾಗ ರಂಗಪ್ಪ, ಅವರ ಮೇಸ್ತ್ರಿ, ಐವರು ಗಾರೆ ಕೆಲಸದವರು ಸಾಲಾಗಿ ಕೈಕಟ್ಟಿ ನಿಂತಿದ್ದರು. ಎರಡು ಸಲ ಕುದ್ದು, ಆಟೋದಲ್ಲಿ ಕುಲುಕಿ, ಜ್ಯೇಷ್ಠದ ಸೆಕೆ ತಿಂದ ಹಾಲನ್ನು ಒಲೆಯ ಮೇಲಿಟ್ಟೆ. ಎರಡೇ ನಿಮಿಷ. ನಮ್ಮವರು ಕಿವಿಯಲ್ಲಿ ಉಸುರಿದರು, "ಒಡೀತು ಕಣೇ."

ಗೃಹಪ್ರವೇಶದ ಹಾಲು ಒಡೆದರೆ ಆ ಮನೆಗೆ ಗೂಬೆಯೂ ಬರುವುದಿಲ್ಲ. ಬೆನ್ನಿಂದ ಪಾತ್ರೆಯನ್ನು ಮರೆಮಾಡಿ, ನೀರು ಬಸಿದು, ತಂದಿದ್ದ ಸಕ್ಕರೆಯನ್ನೆಲ್ಲ ಸುರಿದು ಕಲಸಿದೆ. "ಇದು ನಮ್ಮ ಕಡೆಯ ಸ್ಪೆಷಲ್ ಕಸ್ಟಮ್" ಎಂದು ಎಲ್ಲರ ಕೈಗೂ ಒಂದೊಂದು ಚಮಚ ಹಾಕಿದೆ. ರಂಗಪ್ಪ ಎರಡನೇ ಸಲ ಕೈ ಒಡ್ಡಿದರು. "ಎಲ್ಲಾರೂ ಬರೀ ಹಾಲು ಕೊಡ್ತಾರೆ ಮಿಸ್. ನೀವು ಸ್ವೀಟ್ ಕೊಟ್ರಿ. ನೀವು ಬಂದಿದ್ದು ನಮ್ಮ ಅದೃಷ್ಟ."

ಅದೃಷ್ಟ ಭಾನುವಾರದವರೆಗೆ ಉಳಿಯಿತು. ಆಟೋದವನು ಊರೆಲ್ಲ ಸುದ್ದಿ ಹಂಚಿದ್ದ. ಭಾನುವಾರ ಹತ್ತು ಗಂಟೆಗೆ ಮೂವರೂ ಒಟ್ಟಿಗೆ ನಮ್ಮ ಹಾಲ್‌ಗೆ ಬಂದು ಕುಳಿತರು. ಇದ್ದದ್ದು ಮೂರೇ ಕುರ್ಚಿ. ಆರೋಪಿಗಳಾದ ನಾವು ನಿಂತೆವು. ಮುನಿರಾಜಪ್ಪ ನ್ಯಾಯ ಹೇಳಲು ಬಾಗಿಲಲ್ಲಿ ಕುಳಿತರು.

"ಮೂರು ಮನೇಲಿ ಒಲೆ ಹಚ್ಚಿದ್ದೀಯಲ್ಲಮ್ಮ" ಎಂದರು ಶಕುಂತಲಮ್ಮ, "ಬೆಳಿಗ್ಗೆ ಉಪ್ಪಿಟ್ಟು ಯಾವ ಮನೇಲಿ, ಮಧ್ಯಾಹ್ನ ಸಾರು ಯಾವ ಮನೇಲಿ?"

"ಇಟ್ ವಾಸ್ ಓನ್ಲಿ ಪ್ರೊವಿಷನಲ್" ಎಂದೆ.

"ಅದೆಲ್ಲ ನಂಗೊತ್ತಿಲ್ಲ" ಎಂದರು ಶೆಟ್ಟರು. "ಹಾಲು ಉಕ್ಕಿಸಿದೋರು ಆಮೇಲೆ ಮನೆಗೇ ಬರ್ಲಿಲ್ಲ ಅಂದ್ರೆ ಜನ ಏನಂತಾರೆ? ಅಲ್ಲೇನೋ ಐತೆ ಅಂತಾರೆ. ನಾನಿನ್ಯಾರಿಗೆ ಕೊಡ್ಲಿ ಆ ಮನೇನ?"

ರಂಗಪ್ಪನವರ ಧ್ವನಿ ಅಳುವಂತಿತ್ತು. "ಅವ್ರದ್ದು ಒಂದೊಂದೇ ಮನೆ. ನಂದು ಅಪಾರ್ಟ್‌ಮೆಂಟು ಮಿಸ್. ಒಂದ್ರಲ್ಲಿ ದೆವ್ವ ಐತೆ ಅಂದ್ರೆ ಮಿಕ್ಕಿದ್ ಹನ್ನೊಂದ್ರಲ್ಲೂ ಐತೆ ಅಂತಾರೆ."

ನಾನು ಧೈರ್ಯ ಮಾಡಿ, ಹಾಗಾದರೆ ರಂಗಪ್ಪನವರ ಮನೆಯನ್ನೇ, ಅವರು ಹೇಳಿದ ಬಾಡಿಗೆಗೇ, ತೆಗೆದುಕೊಳ್ಳುತ್ತೇನೆ ಎಂದೆ. ನಮ್ಮವರು ಗೋಡೆ ಹಿಡಿದುಕೊಂಡರು. ಶೆಟ್ಟರು ಎದ್ದು ನಿಂತರು. ರಂಗಪ್ಪ ಶೆಟ್ಟರ ಮುಖ ನೋಡಿ, ನನ್ನ ಮುಖ ನೋಡಿ, "ಬೇಡಿ ಮಿಸ್" ಎಂದರು. "ಶೆಟ್ರು ನನ್ನ ಕೈಲಿ ಗೋಡೌನ್ ಕಟ್ಟಿಸ್ತಾವ್ರೆ. ಅವರ್ನ ಎದುರು ಹಾಕ್ಕೊಳಕ್ಕಾಗಲ್ಲ. ಶ್ರಾವಣಕ್ಕೆ ಎಲ್ಲಾ ತಣ್ಣಗಾಗ್ತದೆ, ಆಗ ಬನ್ನಿ, ನೋಡೋಣ."

ಮುನಿರಾಜಪ್ಪ ತೀರ್ಪು ಕೊಟ್ಟರು. ಆಷಾಢ ಮುಗಿಯುವವರೆಗೆ ಮಿಸ್ಸು ಪ್ರತಿ ಸಂಜೆ ಮೂರೂ ಮನೆಗೆ ಹೋಗಿ ದೀಪ ಹಚ್ಚಬೇಕು. ದೀಪ ಉರಿಯುವ ಮನೆಯನ್ನು ಯಾರೂ ಬಿಟ್ಟುಹೋದ ಮನೆ ಎನ್ನುವುದಿಲ್ಲ. ಅಲ್ಲಿಯವರೆಗೆ ನಮ್ಮ ಹಾಲ್‌ನಲ್ಲಿ ಮಗ್ಗ ಕೂರುತ್ತವೆ, ಹಿಂದಿನ ರೂಮು ಮತ್ತು ಅಡುಗೆಮನೆ ನಮಗೆ.

"ಎಣ್ಣೆ?" ಎಂದು ಕೇಳಿದರು ಶೆಟ್ಟರು.

"ಮಿಸ್ಸುದೇ" ಎಂದರು ಮುನಿರಾಜಪ್ಪ.

ಹಾಗೆ ನಾನು ಒಂದು ತಿಂಗಳು ವ್ಯಾನಿಟಿ ಬ್ಯಾಗಿನಲ್ಲಿ ಮೂರು ಬೀಗದ ಕೈ, ಬತ್ತಿ, ಎಣ್ಣೆ ಸೀಸೆ ಇಟ್ಟುಕೊಂಡು ಎಕ್ಸ್‌ಟೆನ್ಷನ್ನಿನಲ್ಲಿ ತಿರುಗಿದೆ. ಆಷಾಢದ ಗಾಳಿಗೆ ದೀಪ ಆರುತ್ತಿತ್ತು, ಹಚ್ಚುತ್ತಿದ್ದೆ, ಆರುತ್ತಿತ್ತು. ಇತ್ತ ಮನೆಯ ಹಾಲ್‌ನಲ್ಲಿ ನಾಲ್ಕು ಮಗ್ಗ ಕುಣಿದು, ಅಡುಗೆಮನೆಯ ಲೋಟಗಳು ತಾವಾಗಿಯೇ ಶೆಲ್ಫಿನ ಅಂಚಿಗೆ ನಡೆದು ಬರುತ್ತಿದ್ದವು. ನಮ್ಮವರಿಗೆ ಮಾತ್ರ ಹೊಸ ಪ್ರಾಯ ಬಂದಿತ್ತು. ಮುನಿರಾಜಪ್ಪನವರ ಮಗನ ಪಕ್ಕ ನಿಂತು ಕಡಿದ ಎಳೆಗೆ ಗಂಟು ಹಾಕುವುದನ್ನು ಕಲಿತರು. ಮೂವತ್ತು ವರ್ಷ ಫೈಲಿಗೆ ಟ್ಯಾಗ್ ಕಟ್ಟಿದ ಕೈ, ಬೇಗ ಕುದುರಿತು.

ಒಂದು ವಿಷಯ ಅವರಿಗೂ ಹೇಳಿರಲಿಲ್ಲ. ಅಪಾರ್ಟ್‌ಮೆಂಟಿನ ದೀಪವನ್ನು ನಾನು ಕಡೆಗೆ ಉಳಿಸಿಕೊಳ್ಳುತ್ತಿದ್ದೆ. ಹಚ್ಚಿದ ಮೇಲೆ ಆ ಖಾಲಿ ಮನೆಯ ನೆಲದ ಮೇಲೆ, ಕಿಟಕಿಯೆದುರು ಹತ್ತು ನಿಮಿಷ ಕುಳಿತಿರುತ್ತಿದ್ದೆ. ಬೆಟ್ಟ ಮೊದಲು ನೀಲಿಯಾಗಿ, ಆಮೇಲೆ ಬೂದುಬಣ್ಣವಾಗಿ, ಕೊನೆಗೆ ಇಲ್ಲವಾಗುತ್ತಿತ್ತು. ಯಾವ ಸದ್ದೂ ಇಲ್ಲ. ಕರ್ಟನ್ ಯಾವ ಬಣ್ಣದ್ದು ಹಾಕಬೇಕೆಂದು ಕೂಡ ತೀರ್ಮಾನಿಸಿಬಿಟ್ಟಿದ್ದೆ. ಶ್ರಾವಣದಲ್ಲಿ ಟ್ಯೂಷನ್ ಎರಡು ಬ್ಯಾಚ್ ಹೆಚ್ಚಿಸಿದರೆ ಬಾಡಿಗೆ ಹೊಂದುತ್ತದೆ ಎಂದೂ ಲೆಕ್ಕ ಹಾಕಿದ್ದೆ.

ಶ್ರಾವಣ ಬಂತು. ಮೊದಲ ವಾರದಲ್ಲೇ ಶಕುಂತಲಮ್ಮನವರ ಪೋರ್ಷನ್ ಬಾಡಿಗೆಗೆ ಹೋಯಿತು. ಎರಡು ದಿನಕ್ಕೆ ಶೆಟ್ಟರದು. ದಿನಾ ಸಂಜೆ ದೀಪ ಉರಿಯುವ ಮನೆ, ಮುತ್ತೈದೆ ಬಂದು ಹೋಗುವ ಮನೆ, ಲಕ್ಷ್ಮೀಕಳೆ ಇದೆ ಎಂದು ಎಕ್ಸ್‌ಟೆನ್ಷನ್ನಿನಲ್ಲೆಲ್ಲ ಹೆಸರಾಗಿತ್ತಂತೆ. ನಾನು ಟ್ಯೂಷನ್ನಿನ ಮಕ್ಕಳನ್ನು ಬೇಗ ಕಳುಹಿಸಿ, ಒಳ್ಳೆಯ ಸೀರೆ ಉಟ್ಟು, ರಂಗಪ್ಪನವರ ಹತ್ತಿರ ಓಡಿದೆ.

ಅವರೇ ಎದುರು ಬಂದು ಕೈಮುಗಿದರು. "ಮಿಸ್, ಎಂಥ ಕಾಲ್ಗುಣ ನಿಮ್ದು. ನೀವು ದೀಪ ಹಚ್ತಿದ್ದ ಮನೆಗೇ ಮೂರು ಪಾರ್ಟಿ ಜಗಳ ಆಡಿದ್ರು. ಡಬಲ್ ಬಾಡಿಗೆ ಕೇಳ್ದೆ, ತುಟಿ ಎರಡು ಮಾಡ್ಲಿಲ್ಲ. ಮಿಕ್ಕಿದ್ದೂ ಎಲ್ಲಾ ಬುಕ್ ಆದ್ವು."

ನಾನು "ಕಂಗ್ರಾಜುಲೇಷನ್ಸ್" ಎಂದೆ. ಕಾನ್ವೆಂಟಿನ ಟ್ರೈನಿಂಗ್, ಎಂಥ ಹೊತ್ತಿನಲ್ಲೂ ಬಾಯಿಗೆ ಬರುತ್ತದೆ. ಬ್ಯಾಗಿನಿಂದ ಬೀಗದ ಕೈ ತೆಗೆದು ಕೊಟ್ಟೆ. ಎಣ್ಣೆ ಸೀಸೆಯನ್ನೂ ಕೊಟ್ಟುಬಿಟ್ಟೆ, ಯಾಕೋ ಗೊತ್ತಿಲ್ಲ.

ಹಿಂದಿನ ರೂಮಿಗೆ ಮುನಿರಾಜಪ್ಪ ಬಾಡಿಗೆ ಅರ್ಧ ಮಾಡಿದರು. ನಾಲ್ಕು ಮಗ್ಗ ಪಕ್ಕದಲ್ಲಿಟ್ಟುಕೊಂಡು ಮಲಗುವವರಿಂದ ಅದಕ್ಕಿಂತ ಹೆಚ್ಚು ಕೇಳಲು ಅವರಿಗೂ ಮುಖವಿರಲಿಲ್ಲ. ನಮಗೆ ಎಟುಕುವ ಮನೆ ಊರಿನಲ್ಲಿ ಅದೊಂದೇ ಎಂದು ನಮ್ಮವರು ಮೊದಲೇ ಹೇಳಿದ್ದರಂತೆ. ನನಗೆ ಕೇಳಿಸಿರಲಿಲ್ಲ.

ಅದೇ ಶ್ರಾವಣದ ಒಂದು ಭಾನುವಾರ, ಸ್ಕೂಟರಿನಲ್ಲಿ ಸಫಾರಿ ಸೂಟಿನವರೊಬ್ಬರು ಹುಡುಕಿಕೊಂಡು ಬಂದರು. ಎಕ್ಸ್‌ಟೆನ್ಷನ್ನಿನ ಕೊನೆಯ ರೋಡಿನಲ್ಲಿ ಅವರದೊಂದು ಮನೆ, ಎರಡು ವರ್ಷದಿಂದ ಖಾಲಿ. ಕೂರಿಸಿದೆ, ಕಾಫಿ ಕೊಟ್ಟೆ, ಹವಾಮಾನದ ಬಗ್ಗೆ ಎರಡು ಮಾತಾಡಿ, ಬಹಳ ನಯವಾಗಿ ಬಾಡಿಗೆಯ ವಿಷಯಕ್ಕೆ ಬಂದೆ.

ಅವರಿಗೆ ಸಂಕೋಚವಾಯಿತು. "ಅಯ್ಯೋ, ಬಾಡಿಗೆಗಲ್ಲ ಮಿಸ್. ಇರೋಕೆ ಬೇರೆಯವರು ಬರ್ತಾರೆ. ತಾವು ಒಂದಿನ ಬಂದು ಹಾಲು ಉಕ್ಕಿಸಿ, ಒಂದು ತಿಂಗಳು ಸಂಜೆ ದೀಪ ಹಚ್ಚಿಕೊಟ್ರೆ ಸಾಕು."

ಕಾನ್ವೆಂಟಿನಲ್ಲಿ ಓದಿದ, ಐವತ್ತೈದು ದಾಟಿದ, ಊರಿಗೆಲ್ಲ ಮಿಸ್ಸಾದ ಹೆಂಗಸು ಇಂಥ ಮಾತಿಗೆ ಎದ್ದು ಬಾಗಿಲು ತೋರಿಸಬೇಕು. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಗಂಟಲು ಸರಿಮಾಡಿಕೊಂಡು ನಾನು ಕೇಳಿದ್ದು ಇಷ್ಟೇ:

"ಮಹಡಿ ಮೇಲಿನ ಮನೆಯೇ? ಕಿಟಕಿ ಬೆಟ್ಟದ ಕಡೆಗಿದೆಯೇ?"