ಚಂದ್ರನ ಬಲಗಿವಿ

ಸಂಸಾರದಲ್ಲಿ ಪೂರ್ತಿ ಮುಖ ತೋರಿಸಿ ಬಾಳಿದವರು ಯಾರೂ ಇರಲಿಕ್ಕಿಲ್ಲ. ನಾನಂತೂ ಒಂದು ತಿಂಗಳು ನಮ್ಮೆಜಮಾನರಿಗೆ ಎಡಗೆನ್ನೆ ಮಾತ್ರ ತೋರಿಸಿಕೊಂಡು ಕಾಫಿ ಕೊಟ್ಟವಳು. ಬಲಗಿವಿಯ ಕೆಂಪು ಹರಳಿನ ಓಲೆ ಎಲ್ಲೋ ಬಿದ್ದುಹೋಗಿತ್ತು. ಅದು ನಮ್ಮತ್ತೆ ಕೊಟ್ಟದ್ದು. ಹೇಳುವ ಧೈರ್ಯವಿಲ್ಲದೆ ಸೆರಗನ್ನು ಬಲಕ್ಕೆ ಎಳೆದುಕೊಂಡೇ ಓಡಾಡುತ್ತಿದ್ದೆ. ಓದಿದ್ದು ಮೂರನೇ ಕ್ಲಾಸು. ಬಚ್ಚಿಡುವ ವಿದ್ಯೆಗೆ ಅಷ್ಟು ಸಾಲದೇ?

ನನ್ನ ಮೊಮ್ಮಗಳು ಗಿರಿಜ ಹಾಗಲ್ಲ, ಎಂಎಸ್ಸಿ! ರಾಜಾಜಿನಗರದ ನಮ್ಮ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಆಫೀಸಿಗೆ ಹೋಗುತ್ತಾಳೆ. ಅಲ್ಲಿ ಕಂಪ್ಯೂಟರ್ ಅಂತ ಒಂದಿದೆಯಂತೆ, ಒಂದು ಕೋಣೆ ತುಂಬ. ಅದಕ್ಕೆ ಸೆಕೆ ಆಗಬಾರದೆಂದು ತಣ್ಣನೆ ಗಾಳಿ ಬಿಡುತ್ತಾರಂತೆ. ನಮ್ಮನೆಯಲ್ಲಿ ಮನುಷ್ಯರಿಗೇ ಇರುವುದು ಒಂದು ಫ್ಯಾನು. ಆ ಕಂಪ್ಯೂಟರ್ ಜತೆ ಮಾತಾಡಬೇಕಾದರೆ ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆಯಬೇಕು. ಕೆಲಸಕ್ಕೆ ಬಾರದ ಒಂದೆರಡು ಕಾರ್ಡು ಮನೆಗೆ ತಂದಾಗ ನಾನು ರಂಗೋಲಿ ಅಚ್ಚು ಎಂದುಕೊಂಡು ಹೊಸಲಿನ ಮೇಲಿಟ್ಟು ಹಿಟ್ಟು ಉದುರಿಸಿದ್ದುಂಟು. ಏನೋ ಚಿತ್ತಾರ ಬಿತ್ತು, ಆದರೆ ಲಕ್ಷ್ಮಿ ಒಳಗೆ ಬರುವಂಥದ್ದಲ್ಲ.

ಯಾರೂ ಹತ್ತದ ನೌಕೆಯೊಂದನ್ನು ಲೆಕ್ಕದಲ್ಲೇ ಚಂದ್ರನ ಮೇಲೆ ಇಳಿಸುವುದು ಅವಳ ಕೆಲಸ. ಆ ವಾರ ಬಯಲಲ್ಲಿ ಇಳಿಯಬೇಕಾದ ನೌಕೆ ಹೋಗಿ ಹೋಗಿ ಗುಡ್ಡದ ಮೇಲೆ ಇಳಿಯುತ್ತಿತ್ತು. ಸೋಮವಾರದೊಳಗೆ ಸರಿಮಾಡದಿದ್ದರೆ ಸಾಹೇಬರು ಆ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರಂತೆ. ಭಾನುವಾರ ತಟ್ಟೆಯ ಮುಂದೆ ಕೂತು ಅಳುತ್ತಿದ್ದಳು ಮಗು.

"ಚಂದ್ರ ಯಾವಾಗ್ಲೂ ನಮ್ಗೆ ಒಂದೇ ಮುಖ ತೋರಿಸ್ತಾನಜ್ಜಿ. ಹಾಗೇ ಬರ್ದಿದೀನಿ. ಎಲ್ಲಿ ತಪ್ಪಿದೀನೋ ಗೊತ್ತಾಗ್ತಿಲ್ಲ."

ಒಂದೇ ಮುಖ ಎಂದದ್ದೇ ತಡ, ನನ್ನ ಕೈ ಸೆರಗಿಗೆ ಹೋಯಿತು.

"ಪ್ರದಕ್ಷಿಣೆ ಹಾಕ್ದಂಗೆ ತಾನೇ? ಅದೇನು ಬ್ರಹ್ಮವಿದ್ಯೆ! ಇರು, ನಾನು ಸುತ್ತಿ ತೋರಿಸ್ತೀನಿ, ನಿಮ್ ತಾತ ಭೂಮಿ," ಎಂದೆ.

ತಾತ ಗೋಡೆಯ ಪಕ್ಕದ ಈಸಿಚೇರಿನಲ್ಲಿ ನಶ್ಯದ ಡಬ್ಬಿ ಹಿಡಿದು ಕೂತಿದ್ದರು. ಪ್ರದಕ್ಷಿಣೆಯೆಂದರೆ ಬಲಗಡೆ ದೇವರಿಗೆ ಇರಬೇಕು. ಹಾಗೆ ಮಾಡಿದರೆ ನನ್ನ ಬೋಳು ಕಿವಿ ನೇರ ಅವರ ಕಣ್ಣಿಗೇ! ಅದಕ್ಕೆ ಮುಖವನ್ನೇ ಅವರ ಕಡೆ ಮಾಡಿ ಹೊರಟೆ. ದೇವಸ್ಥಾನದ ಅಭ್ಯಾಸ ನೋಡಿ, ಬಾಯಲ್ಲಿ ನಮಃ ಶಿವಾಯ, ಒಂದೊಂದು ಶಿವಾಯಕ್ಕೆ ಮೈ ಒಂದಿಷ್ಟೇ ತಿರುಗಬೇಕು, ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಕಾಲು ಶಿವನ ಮಾತು ಕೇಳುತ್ತದೆಯೇ? ಗೋಡೆಗೂ ಕುರ್ಚಿಗೂ ನಡುವಿನ ಸಂದಿಯಲ್ಲಿ ನಶ್ಯದ ಘಾಟಿಗೆ ಹೆದರಿ ಓಡಿದೆ. ಆಚೆ ಅಕ್ಕಿ ಡ್ರಮ್ಮಿನ ಕಡೆ ಜಾಗ ವಿಶಾಲ, ಮಂಡಿನೋವು ಬೇರೆ, ನಿಧಾನ ಆಯಿತು.

"ಏನೇ ಇದು? ಒಂದ್ಸಲ ಎಡಗಿವಿ ಜಾಸ್ತಿ ಕಾಣುತ್ತೆ, ಒಂದ್ಸಲ ಬಲಗಡೆ ಸೆರಗು ಜಾಸ್ತಿ ಕಾಣುತ್ತೆ. ನನ್ನ ನೆಟ್ಟಗೆ ನೋಡೇ!" ಎಂದರು ಭೂಮಿ.

ಗಿರಿಜ ತಟ್ಟೆ ಬಿಟ್ಟು ಎದ್ದಳು. "ಅಜ್ಜಿ, ಇನ್ನೊಂದ್ ಸುತ್ತು! ಹಾಗೇ ಹೋಗು. ಸೆರಗು ತೆಗಿ, ಕಿವಿ ಎಷ್ಟೆಷ್ಟು ಕಾಣುತ್ತೆ ನೋಡ್ಬೇಕು."

ಮಂಡಿ ನೋವು ಎನ್ನೋಣವೆಂದುಕೊಂಡೆ. ಆದರೆ ಅವಳ ರೆಪ್ಪೆಯಲ್ಲಿ ನೀರು ಇನ್ನೂ ಆರಿರಲಿಲ್ಲ. ಓಲೆ ಹೋದರೆ ಹೋಯಿತು, ಹುಡುಗಿಯ ಕೆಲಸ ಹೋಗಬಾರದು. ಸೆರಗು ಇಳಿಸಿ ಸುತ್ತಿದೆ.

"ಸಿಕ್ತು!" ಎಂದು ಗಿರಿಜ ಕುಣಿದಳು. ಚಂದ್ರ ತನ್ನಷ್ಟಕ್ಕೆ ತಿರುಗುವುದು ಒಂದೇ ಸಮನಂತೆ. ನಮ್ಮನ್ನು ಸುತ್ತುವಾಗ ಮಾತ್ರ ಹತ್ತಿರ ಬಂದರೆ ಬಿರುಸು, ದೂರ ಹೋದರೆ ನಿಧಾನ. ಅದಕ್ಕೇ ಒಮ್ಮೆ ಈ ಕಿವಿಯ ಪಕ್ಕ, ಒಮ್ಮೆ ಆ ಕಿವಿಯ ಪಕ್ಕ ಇಣುಕುತ್ತದೆ. ಇವಳು ಲೆಕ್ಕದಲ್ಲಿ ಅವನ ಮುಖವನ್ನು ಭೂಮಿಗೆ ಮೊಳೆ ಹೊಡೆದು ನಿಲ್ಲಿಸಿಬಿಟ್ಟಿದ್ದಳು!

ನಮ್ಮೆಜಮಾನರು ನನ್ನ ಕಿವಿ ನೋಡಿದರು. ಒಂದು ಚಿಟಿಕೆ ನಶ್ಯ ಏರಿಸಿದರು.

ಸೋಮವಾರ ನೌಕೆ ಬಯಲಲ್ಲೇ ಇಳಿಯಿತು! ಬಸ್‌ಸ್ಟಾಪಿನಿಂದ ಓಡಿಬಂದು ಗಿರಿಜ ನನ್ನನ್ನು ಎತ್ತಿ ತಿರುಗಿಸಿದಳು. ಕೆಲಸ ಅವಳದೇ ಅಂತೆ. ಯಾರು ಹೇಳಿಕೊಟ್ಟರು ಎಂದು ಸಾಹೇಬರು ಕೇಳಿದ್ದಕ್ಕೆ "ನಮ್ಮಜ್ಜಿ" ಎಂದಳಂತೆ. ಸೊಪ್ಪಿನವಳಿಂದ ಹಿಡಿದು ಹಾಲಿನವರವರೆಗೆ ಎಲ್ಲರಿಗೂ ಹೇಳಿದೆ. ಹೇಳಿದವರಿಗೇ ಮತ್ತೆ ಹೇಳಿದೆ.

ಆ ಖುಷಿಯಲ್ಲೇ ಇವರ ಮುಂದೆ ನಿಂತು ಓಲೆ ಕಳೆದದ್ದನ್ನು ಒಪ್ಪಿಕೊಂಡೆ. ಇವರು ನಶ್ಯದ ಡಬ್ಬಿ ತೆರೆದು, ತಳದಿಂದ ಕೆಂಪು ಹರಳಿನ ಓಲೆಯನ್ನು ಎತ್ತಿ ಉಫ್ ಎಂದು ಊದಿದರು.

"ಕುರ್ಚಿ ಕೆಳಗೇ ಬಿದ್ದಿತ್ತು. ನೀನು ಮುಟ್ಟದ ಜಾಗ ಅಂದ್ರೆ ಈ ಡಬ್ಬಿ ಒಂದೇ ಅಲ್ವಾ? ಅದಕ್ಕೇ ಇದ್ರಲ್ಲಿಟ್ಟೆ. ಎಷ್ಟು ದಿನ ಬಚ್ಚಿಡ್ತೀಯೋ ನೋಡೋಣ ಅಂತಿದ್ದೆ."

ಮೂರು ಸಲ ತೊಳೆದು ಹಾಕಿಕೊಂಡೆ. ಈಗಲೂ ಬಲಕ್ಕೆ ಕತ್ತು ತಿರುಗಿಸಿದರೆ ಸೀನು ಬರುತ್ತದೆ. ಈ ಕಷ್ಟ ಮಾತ್ರ ಚಂದ್ರನಿಗಿಲ್ಲ.